ರಾತ್ರಿದರದ ರಾಯರು

ಬಸವನಗುಡಿಯನ್ನು ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸಿ, ಗ್ಯಾಸಿನ ಕೊಳವೆ ಬಾರದ ಫ್ಲಾಟೊಂದನ್ನು ಕೊಂಡು, ಮನೆ ಬೆಚ್ಚಗಿಡುವುದಕ್ಕೂ ನೀರು ಕಾಯಿಸುವುದಕ್ಕೂ ವಿದ್ಯುಚ್ಛಕ್ತಿಯೊಂದನ್ನೇ ನಂಬಿಕೊಂಡಿರುವ ಸದ್ಗೃಹಸ್ಥರ ವರ್ಗವೊಂದುಂಟು. ಅವರಲ್ಲಿ ಅಗ್ರಗಣ್ಯರು ನಮ್ಮ ರಾಯರು. ಇಷ್ಟದೈವ ಯಾವುದೆಂದು ಕೇಳಿದರೆ ಉಡುಪಿಯ ಕೃಷ್ಣನೆಂದೇ ಹೇಳುವರು. ಆದರೆ ಅವರ ದಿನಚರಿಯನ್ನು ಕಂಡವರಿಗೆ ಆ ಪೀಠದಲ್ಲಿ ‘ಎಕಾನಮಿ ಸೆವೆನ್’ ಎಂಬ ವಿದ್ಯುತ್ ದರವು ವಿರಾಜಮಾನವಾಗಿರುವುದು ತಿಳಿಯದೆ ಇರದು.

1978ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಈ ಏರ್ಪಾಡಿನ ತಿರುಳು ಇಷ್ಟೆ: ಊರೆಲ್ಲ ಮಲಗಿದ ಮೇಲೂ ನಿಲ್ಲಿಸಲಾಗದೆ ತಿರುಗುತ್ತಿರುವ ದೊಡ್ಡ ವಿದ್ಯುದಾಗಾರಗಳ ಶಕ್ತಿಯನ್ನು ಇರುಳಿನ ಏಳು ಗಂಟೆಗಳ ಕಾಲ ಅಗ್ಗವಾಗಿ ಕೊಡುವುದು, ಅದಕ್ಕೆ ಪ್ರತಿಯಾಗಿ ಹಗಲಿನ ದರವನ್ನು ಸಾಮಾನ್ಯ ದರಕ್ಕಿಂತ ತುಸು ಏರಿಸುವುದು. ಇದರ ಪೂರ್ವಾರ್ಧವನ್ನು ರಾಯರು ಕಂಠಸ್ಥ ಮಾಡಿಕೊಂಡರು. ಉತ್ತರಾರ್ಧವನ್ನು ಮನೆಯವರ ಮೇಲೆ ಪ್ರಯೋಗಿಸಿದರು.

120 ಲೀಟರಿನ ತಾಮ್ರದ ಸಿಲಿಂಡರು (ರಾಯರ ಬಾಯಲ್ಲಿ ಅದು ಇಂದಿಗೂ ಹಂಡೆಯೇ) ದಪ್ಪನೆಯ ಕವಚ ತೊಟ್ಟು ಗೂಡಿನೊಳಗೆ ನಿಂತಿದೆ. 15 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಆರು ಯೂನಿಟ್ಟಿಗೆ ಸ್ವಲ್ಪ ಮೇಲೆ ಬೇಕು, ತಳದಲ್ಲಿರುವ 3 ಕಿಲೋವಾಟಿನ ಕಾಯಿಲ್ ಎರಡು ಗಂಟೆ ಚಿಲ್ಲರೆಯಲ್ಲಿ ಆ ಕಾರ್ಯವನ್ನು ಮುಗಿಸುತ್ತದೆ ಎಂಬ ಲೆಕ್ಕವನ್ನು ಅತಿಥಿಗಳಿಗೆ ಕಾಫಿಗೆ ಮೊದಲೇ ನಿವೇದಿಸುವರು. ಬೇಸಿಗೆಯಲ್ಲಿ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಸರಿದರೂ ಅವರ ಮೀಟರು ಗ್ರೀನಿಚ್ ಕಾಲವನ್ನು ಬಿಡದಿರುವುದರಿಂದ, ಎರಡು ಪಂಚಾಂಗಗಳನ್ನು ಕಂಕುಳಲ್ಲಿರಿಸಿಕೊಂಡ ಪುರೋಹಿತರಂತೆ ಎರಡು ಕಾಲಗಳನ್ನು ಪಾಲಿಸುತ್ತ, ಗಂಟೆಯೆಷ್ಟೆಂದು ಯಾರಾದರೂ ಕೇಳಿದರೆ, “ಯಾರ ಗಂಟೆ?” ಎಂದು ಮರುಪ್ರಶ್ನೆ ಹಾಕುವರು.

ವರ್ಷದಲ್ಲಿ ಅವರಿಗೆ ಪರಮಪ್ರಿಯವಾದ ದಿನ ನರಕ ಚತುರ್ದಶಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬ, ಸೂರ್ಯೋದಯಕ್ಕೆ ಮುನ್ನ ಅಭ್ಯಂಜನ. ಶಾಸ್ತ್ರಕಾರರಿಗೆ ರಾತ್ರಿದರದ ಮರ್ಮ ಮೊದಲೇ ಗೊತ್ತಿತ್ತೆಂಬುದರಲ್ಲಿ ಅವರಿಗೆ ಲವಲೇಶವೂ ಸಂದೇಹವಿಲ್ಲ. ಆದರೆ ಕಳೆದ ಸಲ ಮೈಸೂರಿನಿಂದ ಬಂದಿದ್ದ ಅವರ ಭಾವಮೈದುನ, ಪ್ರಯಾಣದ ಆಯಾಸದಿಂದ ಹತ್ತು ಗಂಟೆಗೆ ಎದ್ದು, ನೆತ್ತಿಯಿಂದ ಪಾದದವರೆಗೆ ಎಳ್ಳೆಣ್ಣೆ ಬಳಿದುಕೊಂಡು, ಮನೆಮಂದಿಯೆಲ್ಲ ಮಿಂದು ಬರಿದುಮಾಡಿದ್ದ ಹಂಡೆಯ ನಲ್ಲಿಯನ್ನು ತಿರುಗಿಸಿದನು.

“ಭಾವ, ತಣ್ಣೀರು ಬರ್ತಾ ಇದೆಯಲ್ಲ!”

“ಬರಬೇಕಾದ್ದೇ ಕಣಯ್ಯ. ರಾತ್ರಿ ಹನ್ನೆರಡೂವರೆಗೆ ಮತ್ತೆ ಕಾಯುತ್ತೆ.”

ಹಂಡೆಯ ಮೇಲ್ಭಾಗದಲ್ಲಿ ಹಗಲಿನ ತುರ್ತಿಗೆಂದು ಇನ್ನೊಂದು ಕಾಯಿಲ್ ಇಲ್ಲದಿಲ್ಲ. ಅದರ ಸ್ವಿಚ್ಚಿನ ಮೇಲೆ ರಾಯರು ಅಡ್ಡಡ್ಡಲಾಗಿ ಟೇಪು ಅಂಟಿಸಿರುವರು. ಮುಕ್ಕಾಲು ಗಂಟೆಯ ತರುವಾಯ ಭಾವಮೈದುನ ಮೈಯೆಲ್ಲ ಹಬೆಯಾಡುತ್ತ ಬಚ್ಚಲಿನಿಂದ ಹೊರಬಂದಾಗ, ರಾಯರು ಅದನ್ನು ಹಂಡೆಗೆ ಕವಚ ತೊಡಿಸಿದ್ದರ ಮಹಿಮೆಯೆಂದು ನನಗೆ ವಿಸ್ತಾರವಾಗಿ ವಿವರಿಸಿದರು. ಟೇಪು ಮಾತ್ರ ಪದೇ ಪದೇ ಕಿತ್ತುಬರುತ್ತದಂತೆ. ಗೂಡಿನ ಶೆಕೆಗೆ ಗೋಂದು ನಿಲ್ಲುವುದಿಲ್ಲವೆಂದು ಅವರು ಹೇಳುತ್ತಿದ್ದಾಗ, ಮನೆಯಾಕೆ ತಲೆಯೆತ್ತದೆ ಕಾಫಿ ಸೋಸುತ್ತ, “ಹೌದು, ಈ ದೇಶದ ಗೋಂದೇ ಸರಿಯಿಲ್ಲ” ಎಂದರು.