ಮೂರನೇ ರವಿವಾರದ ಕಾಕಾ

ಮೂರು ವಾರಕ್ಕೊಮ್ಮೆ ಬರುವ ಒಂದು ರವಿವಾರ ಗೋಕಾಕದ ನಮ್ಮ ಕಾಕಾನ ಮನೆಯ ಕದ ಬಡಿದರೆ ಯಾರೂ ತೆರೆಯುವುದಿಲ್ಲ. ಹಾಲಿನವನು ಕೂಗಿದರೆ ಕಾಕು ಕಿಟಕಿಯಿಂದಲೇ ಪಾತ್ರೆ ಚಾಚುತ್ತಾರೆ. ಒಳಗೆ ಪಡಸಾಲೆಯಲ್ಲಿ ನಿವೃತ್ತ ಹೆಡ್‌ಮಾಸ್ತರರು ಹರಕು ಬನಿಯನ್ ತೊಟ್ಟು, ಹೆಗಲಿಗೆ ಹಳೆಯ ಧೋತರದ ತುಂಡು ಹೊದ್ದು, ತಲೆಗೆ ಕರಿ ರಾಡಿ ಮೆತ್ತಿಕೊಂಡು, ಗಡಿಯಾರ ನೋಡುತ್ತ ಅಲ್ಲಾಡದೆ ಕುಳಿತಿರುತ್ತಾರೆ. ಫೋನ್ ಬಂದರೆ ಕಾಕು, “ಪೂಜಾಕ ಕುಂತಾರ್ರಿ” ಅನ್ನುತ್ತಾರೆ. ಅದು ಎಂಥ ಪೂಜೆ ಎಂದು ಓಣಿಯ ಅರ್ಧ ಜನಕ್ಕೆ ಗೊತ್ತು. ಉಳಿದರ್ಧ ಜನ ಅದೇ ಹೊತ್ತಿಗೆ ತಮ್ಮ ಮನೆಯಲ್ಲಿ ಅದೇ ಪೂಜೆಗೆ ಕುಳಿತಿರುತ್ತಾರೆ.

ನಮ್ಮ ಕಡೆ ಇದಕ್ಕೆ ಕಲಪ ಹಚ್ಚುವುದು ಅನ್ನುತ್ತೇವೆ. ಬೆಂಗಳೂರಿನ ಹೇರ್ ಕಲರಿನ ಠೀವಿ ಈ ಮಾತಿಗಿಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ, ಮಾಸ್ತರರ ತಲೆಗೆ ಕಲಪ; ಎರಡೂ ತಳ ಕಾಣದಂತೆ ಮಾಡುವ ಕೆಲಸ, ಎರಡನ್ನೂ ಮತ್ತೆ ಮತ್ತೆ ಮಾಡಿಸಬೇಕು.

ಕಾಕಾಗೆ ಈಗ 66. ಕಲಪ ಬಿಡುವ ನಿರ್ಧಾರವನ್ನು ಅವರು ಮಾಡದ ತಿಂಗಳಿಲ್ಲ. ಪ್ರತಿ ಸಲ ಅಡ್ಡ ಬರುವುದು ಕನ್ನಡಿಯಲ್ಲ, ಕ್ಯಾಲೆಂಡರು. “ಬಿಡಬೇಕಂತೀನಿ, ಮಗಳ ಲಗ್ನಾ ಒಂದ ಆಗಲಿ” ಅಂದರು. ಮಗಳ ಲಗ್ನವಾಯಿತು. “ರಿಟಾಯರ್ ಒಂದ ಆಗಲಿ” ಅಂದರು. 60 ತುಂಬಿತು, ಇನ್ನು ನಿನಗೆ ವಯಸ್ಸಾಯಿತು ಎಂದು ಸರಕಾರವೇ ಕಾಗದ ಕೊಟ್ಟಿತು. ಬೀಳ್ಕೊಡುಗೆಯ ಫೋಟೋದಲ್ಲಿ ಮಾತ್ರ ಕಾಕಾನ ಕೂದಲು ಆಗತಾನೇ ನೌಕರಿಗೆ ಸೇರಿದವನ ಹಾಗಿದೆ. ಆಮೇಲೆ ಸೊಸೈಟಿಯ ಇಲೆಕ್ಷನ್ ಬಂತು. ಅದು ಮುಗಿದರೆ ವರ್ಷಗಳಿಗೊಮ್ಮೆ ಬರುವ ಗ್ರಾಮದೇವಿಯ ಜಾತ್ರೆ. “ಊರ ಮಂದಿಯೆಲ್ಲಾ ಕೂಡಿರ್ತೈತಿ, ಬೀಗರು ಬಿಜ್ಜರು ಬಂದಿರ್ತಾರ” ಎಂದು ಹಿಂದಿನ ರಾತ್ರಿ ಎರಡು ಪುಡಿಕೆ ಕಲಸಿ ಹಚ್ಚಿದರು. ಬೆಳಗಾದರೆ ತೇರಿನ ಮುಂದೆ ಭಂಡಾರ ಎರಚಿ ಎರಚಿ ಊರಿಗೆ ಊರೇ ಹಳದಿ. ಅಷ್ಟು ಜನರಲ್ಲಿ ಯಾರ ಕೂದಲು ಯಾವ ಬಣ್ಣ ಎಂದು ದೇವಿಗೂ ಗೊತ್ತಾಗಿರಲಿಕ್ಕಿಲ್ಲ.

ಕಾಕಾನ ಜೊತೆ ವಾದ ಮಾಡಿ ಗೆಲ್ಲುವುದು ಕಷ್ಟ, ಕನ್ನಡ ಕಲಿಸಿದ ಮಾಸ್ತರರು. ಒಮ್ಮೆ ನಾನು ಮೆಲ್ಲಗೆ ಕಾಳಿದಾಸನನ್ನು ಎಳೆದು ತಂದೆ. ರಘುವಂಶದಲ್ಲಿ ದಶರಥನ ಕಿವಿಯ ಬಳಿ ಒಂದು ನರೆಗೂದಲು ಕಾಣಿಸುತ್ತದೆ. ಮುಪ್ಪೇ ಕೂದಲಿನ ವೇಷ ಹಾಕಿ ಬಂದು, ರಾಜ್ಯ ರಾಮನಿಗೆ ಕೊಡು ಎಂದು ಕಿವಿಯಲ್ಲಿ ಹೇಳಿದಂತಾಗುತ್ತದೆ. ಅಷ್ಟು ದೊಡ್ಡ ಚಕ್ರವರ್ತಿಯೇ ಒಂದು ಕೂದಲಿನ ಮಾತು ಕೇಳಿದನಲ್ಲ, ಎಂದೆ.

“ಕೇಳಿ ಏನಾತು?” ಅಂದರು ಕಾಕಾ. “ಪಟ್ಟಾಭಿಷೇಕದ ಮಾತ ತಗದಾ. ಕೈಕೇಯಿ ಹಟಾ ಹಿಡದ್ಳು. ಮಗಾ ಅಡವಿಗ್ಹೋದಾ, ಇಂವ ಸತ್ತಾ, ಸೊಸೀನ್ನ ರಾವಣಾ ಒಯ್ದಾ. ಅವತ್ತ ಒಂದ ಪುಡಿಕಿ ಕಲಪ ಹಚ್ಚಿದ್ರ ರಾಮಾಯಣಾನ ಆಗ್ತಿದ್ದಿಲ್ಲ.”

ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ವಾಲ್ಮೀಕಿಯ ಬಳಿಯೂ ಇರಲಿಕ್ಕಿಲ್ಲ.

ಕಾಕಾನ ಅಜ್ಜನ ಕಾಲದಲ್ಲಿ ಗರಗದ ಸೊಪ್ಪಿನ ಎಣ್ಣೆ ಇತ್ತು, ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿದ ಮದರಂಗಿ ಇತ್ತು. ಈಗಿನ ಪುಡಿಯ ವಂಶ ಬೇರೆ. 1907ರಲ್ಲಿ ಯೂಜೀನ್ ಷ್ಯೂಲರ್ ಎಂಬ ಫ್ರೆಂಚ್ ರಸಾಯನ ಶಾಸ್ತ್ರಜ್ಞ ಕೂದಲಿಗೆ ರಾಸಾಯನಿಕ ಬಣ್ಣ ತಯಾರಿಸಿ ಪ್ಯಾರಿಸ್ಸಿನ ಕ್ಷೌರದವರಿಗೆ ಮಾರತೊಡಗಿದ. ಆ ವ್ಯಾಪಾರವೇ ಬೆಳೆದು ಲೋರಿಯಲ್ ಕಂಪನಿ ಆಯಿತು. ನಮ್ಮ ಕಿರಾಣಿ ಅಂಗಡಿಯಲ್ಲಿ ಶಾಂಪೂ ಪಾಕೀಟಿನ ಪಕ್ಕ ಜೋತಾಡುವ ಪುಡಿಕೆಗಳಲ್ಲಿ ಎಷ್ಟೋ ಪುಡಿಕೆಗಳ ಕಪ್ಪಿಗೆ ಕಾರಣ ಪ್ಯಾರಾ ಫಿನೈಲಿನ್ ಡೈಯಮೀನ್ ಎಂಬ ವಸ್ತು. ಕೆಲವರಿಗೆ ಅದು ಒಗ್ಗುವುದಿಲ್ಲ. ತಲೆ ತುರಿಸುತ್ತದೆ, ಕಣ್ಣು ಮುಖ ಬಾಯುತ್ತವೆ. ಅದಕ್ಕೇ, 48 ತಾಸು ಮೊದಲು ಚರ್ಮಕ್ಕೆ ಚೂರು ಹಚ್ಚಿ ನೋಡಿ ಎಂದು ಪಾಕೀಟಿನ ಹಿಂದೆ ಇರುವೆ ಕಾಲಿನಂಥ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಹತ್ತು ಗಂಟೆಯ ಅಕ್ಷತೆಗೆ ಏಳು ಗಂಟೆಗೆ ಕಲಪ ಕಲಸುವವರು 48 ತಾಸು ಎಲ್ಲಿಂದ ತರಬೇಕು? ಆ ಅಕ್ಷರ ಓದಲು ಚಾಳೀಸು ಬೇಕು. ಚಾಳೀಸು ಹಾಕಿದರೆ ಕಲಪ ಹಚ್ಚಿ ಏನು ಬಂತು ಎಂಬುದು ಕಾಕಾನ ವಾದ.

ಹಚ್ಚುವಾಗ ಹಣೆಯಲ್ಲಿ ಗಡಿ ವಿವಾದ ಏಳುತ್ತದೆ. ಕಪ್ಪು ಕೂದಲಿನ ಸೀಮೆ ದಾಟಿ ಚರ್ಮದೊಳಗೆ ಅರ್ಧ ಬೆರಳು ನುಗ್ಗುತ್ತದೆ, ಕಾಕು ಹಸಿ ಬಟ್ಟೆ ಹಿಡಿದು ತಿಕ್ಕಿ ಹಿಂದೆ ದೂಡುತ್ತಾರೆ. ಬೆಳಗಾವಿ ಗಡಿಯ ವಿಷಯದಲ್ಲಿ ಕರ್ನಾಟಕಕ್ಕೆ 1967ರ ಮಹಾಜನ ವರದಿ ಹೇಗೋ ನಮ್ಮ ಮನೆತನದ ಹಣೆಗಳ ವಿಷಯದಲ್ಲಿ ಕಾಕುವಿನ ಮಾತು ಹಾಗೆ, ಅದೇ ಅಂತಿಮ.

ಕಾಕು ಮಾತ್ರ ಕೊಬ್ಬರಿ ಎಣ್ಣೆ ಬಿಟ್ಟರೆ ಬೇರೇನನ್ನೂ ತಲೆಗೆ ಸೋಕಿಸಿದವರಲ್ಲ. ಗೋಕಾಕ ಫಾಲ್ಸ್ ಗಿರಣಿಯ ನೂಲಿನ ಹಾಗೆ ಬೆಳ್ಳಗಿರುವ ಜಡೆ. ವಯಸ್ಸಿನಲ್ಲಿ ಕಾಕಾಗಿಂತ ನಾಲ್ಕು ವರ್ಷ ಸಣ್ಣವರು. ಇದರ ಪರಿಣಾಮ ಬಸ್ಸಿನಲ್ಲಿ ಕಾಣುತ್ತದೆ. ಒಮ್ಮೆ ಹುಕ್ಕೇರಿ ಬಸ್ಸಿನಲ್ಲಿ ನಾವು ಮೂವರೂ ಇದ್ದೆವು. ಕಂಡಕ್ಟರ್ ಬಂದವನೇ ಕಾಕುವಿನ ಕೈಗೆ ಶಕ್ತಿ ಯೋಜನೆಯ ಚೀಟಿ ಕೊಟ್ಟು, “ಅಜ್ಜೀದು ಫ್ರೀ ಆತು, ನಿಮ್ದ ಎಲ್ಲೀಗ್ರಿ ಅಣ್ಣಾರ?” ಎಂದು ಕಾಕಾನ ಕಡೆ ತಿರುಗಿದ. 60 ದಾಟಿದವರಿಗೆ ಟಿಕೀಟಿನಲ್ಲಿ ಶೇ 25 ರಿಯಾಯಿತಿ ಇದೆ, ಕಿಸೆಯಲ್ಲಿ ಆಧಾರ್ ಕಾರ್ಡೂ ಇದೆ. ಕಾಕಾನ ಕೈ ಕಿಸೆಯವರೆಗೆ ಹೋಯಿತು, ಅಲ್ಲೇ ನಿಂತಿತು. ‘ಅಣ್ಣಾರ’ ಎಂಬ ಆ ಒಂದು ಶಬ್ದದ ಬೆಲೆ ಕಟ್ಟುತ್ತಿದ್ದರೆಂದು ಕಾಣುತ್ತದೆ.

“ಫುಲ್ ಟಿಕೀಟ ಕೊಡಪಾ” ಅಂದರು.

ಕಾಕು ಘಟಪ್ರಭೆ ದಾಟುವವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಇವರು ಅಣ್ಣ, ತಾನು ಅಜ್ಜಿ! ಬಳಿಕ ಒಂದೇ ಮಾತು: “ಮುಂದಿನ ಸಲ ನನ್ನ ತಾಯಿ ಅಂತ ಹೇಳಿಬಿಡ್ರಿ.”

ಹಾಗಂತ ಎಲ್ಲ ಕಡೆಯೂ ಕಲಪ ನಡೆಯುವುದಿಲ್ಲ. ಮೂಡಲಗಿಯ ದನದ ಸಂತೆಯಲ್ಲಿ ನಡೆಯಲಿಲ್ಲ. ಅಳಿಯನಿಗೆ ಎಮ್ಮೆ ಕೊಡಿಸಲು ಕಾಕಾ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಎಮ್ಮೆಗಳು ಮೈ ತೊಳೆಸಿಕೊಂಡು, ಎಣ್ಣೆ ತಿಕ್ಕಿಸಿಕೊಂಡು, ಕೋಡು ಹೆರೆಸಿಕೊಂಡು ಮಿರಮಿರ ಮಿಂಚುತ್ತ ನಿಂತಿದ್ದವು. ಕಾಕಾ ಒಂದರ ಬೆನ್ನ ಮೇಲೆ ಕೈಯಾಡಿಸಿ, “ಬಣ್ಣ ಭಾಳ ಚಲೋ ಐತಿ, ಹರೇದ್ದ ಕಾಣತೈತಿ” ಅಂದರು. ದಲ್ಲಾಳಿ ಮುದುಕ ಎಮ್ಮೆಯ ತುಟಿ ಎತ್ತಿ ಹಲ್ಲು ತೋರಿಸಿದ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು — ಆ ಪೇಟೆಯಲ್ಲಿ ವಯಸ್ಸಿನ ಲೆಕ್ಕ ಬಾಯಿಯದು.

“ಮಾಸ್ತರ, ನಾವ ಮೈಬಣ್ಣಾ ನೋಡಿ ವಯಸ್ಸ ಹೇಳೂದಿಲ್ರಿ. ಎಣ್ಣಿ ಹಚ್ಚಿದ್ರ ಎಲ್ಲಾನೂ ಹರೇದ್ದ ಕಾಣತಾವು” ಅಂದ ಮುದುಕ. ಹೇಳುವಾಗ ನೋಡುತ್ತಿದ್ದುದು ಎಮ್ಮೆಯನ್ನಲ್ಲ. ಕಾಕಾ ಅಷ್ಟು ಹೊತ್ತು ನಗುತ್ತಿದ್ದವರು ಪಟ್ಟನೆ ಬಾಯಿ ಮುಚ್ಚಿದರು. ಎಡಗಡೆಯ ಎರಡು ದವಡೆ ಹಲ್ಲು ಹಿಂದಿನ ವರ್ಷವಷ್ಟೇ ಹೋಗಿದ್ದವು. ಮುಂದೆ ನಡೆದದ್ದು ಇನ್ನೂ ಘೋರ. ಸಂತೆಯಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ, ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಒತ್ತಿ ತಿಳಿಸುತ್ತಾರೆ. ಎಮ್ಮೆಯ ವ್ಯವಹಾರ ಮುಗಿದ ಮೇಲೂ ಆ ಮುದುಕ ಮತ್ತು ಅವನ ಜೊತೆಗಾರ ಟವೆಲ್ ಹಾಕಿ ಕೈ ಹಿಡಿದುಕೊಂಡು, ಕಾಕಾನ ಕಡೆ ನೋಡುತ್ತ, ಗಂಭೀರವಾಗಿ ಬೆರಳು ಒತ್ತಿಕೊಂಡರು. ಒಬ್ಬ ಒಪ್ಪಲಿಲ್ಲ. ಮತ್ತೆ ಒತ್ತಿದರು. ಕಡೆಗೆ ಒಪ್ಪಂದವಾಗಿ ಇಬ್ಬರೂ ತಲೆಯಾಡಿಸಿದರು.

ದಾರಿಯುದ್ದಕ್ಕೂ ಕಾಕಾ ಕೇಳಿದ್ದು ಒಂದೇ: “ಎಷ್ಟಕ್ಕ ಮುಗದಿರಬೇಕಲೇ ತಮ್ಮಾ? ಐವತ್ತೆಂಟಕ್ಕ ಮುಗದಿರಬೇಕಲ್ಲಾ?”

ಆದರೂ ಕಾಕಾನ ಕೈಯಿಂದ ಕಲಪದ ಬಟ್ಟಲು ಬಿಡಿಸಿದ್ದು ಹುಕ್ಕೇರಿ. ಆ ತಾಲ್ಲೂಕಿನ ಮಂದಿ 1969ರಿಂದ ಕರೆಂಟನ್ನೂ ಸಹಕಾರ ಸಂಘ ಕಟ್ಟಿಕೊಂಡೇ ಹಂಚಿಕೊಂಡವರು. ಗುರುಗಳನ್ನು ನೆನೆಯುವುದಿದ್ದರೂ ಪಟ್ಟಿ ಹಾಕಿ, ರಸೀದಿ ಹರಿದು, ಅಚ್ಚುಕಟ್ಟಾಗಿ ನೆನೆಯುತ್ತಾರೆ. ಕಾಕಾ ಹಿಂದೆ ಕಲಿಸಿದ ಅಲ್ಲಿಯ ಒಂದು ಹೈಸ್ಕೂಲಿನ 1994–95ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಿದ್ದರು. ಕಾಕಾ ಹಿಂದಿನ ದಿನ ಎಂದಿಗಿಂತ ಹತ್ತು ನಿಮಿಷ ಹೆಚ್ಚು ಪೂಜೆಗೆ ಕುಳಿತರು. ಬಿಳಿ ಅಂಗಿ, ಕಪ್ಪು ತಲೆ, ಹಣೆಗೆ ವಿಭೂತಿ.

ಗೇಟಿನಲ್ಲಿ ನಿಂತಿದ್ದವರು ಈಗಿನ ಹುಡುಗರು, ಕಾಕಾನನ್ನು ಕಂಡವರಲ್ಲ. “ಹಳೇ ವಿದ್ಯಾರ್ಥಿಗೋಳ ಈ ಕಡೆ ಬರ್ರಿ. ಪಟ್ಟಿ ಐನೂರ ರೂಪಾಯಿ” ಅಂದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಹೇಳುತ್ತಿದ್ದರು. ಕಾಕಾ ಐದು ನೂರು ರೂಪಾಯಿ ಎಣಿಸಿ ಕೊಟ್ಟು, ರಸೀದಿ ಮಡಚಿ ಎದೆಯ ಕಿಸೆಯಲ್ಲಿಟ್ಟುಕೊಂಡು, ಹಳೆಯ ವಿದ್ಯಾರ್ಥಿಗಳ ಸಾಲಿನಲ್ಲಿ ಹೋಗಿ ಕುಳಿತರು. ತಮ್ಮ ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಕೊಟ್ಟ ದುಡ್ಡು ಇನ್ನೊಂದಿಲ್ಲ ಎಂದು ಆಮೇಲೆ ಅವರೇ ಹೇಳಿದರು.

ಅದೇ ಹೊತ್ತಿಗೆ ಬೈಕಿನಿಂದ ಒಬ್ಬ ಇಳಿದ. ಕಾಕಾನ ಕೈಯಲ್ಲಿ ಸಂಧಿ–ಸಮಾಸಕ್ಕೆ ಮೂರು ವರ್ಷ ಕಿವಿ ಹಿಂಡಿಸಿಕೊಂಡವನು. ವಯಸ್ಸು 46. ಸಂಸಾರವೋ ಸಕ್ಕರೆ ಕಾಯಿಲೆಯೋ, ತಲೆ ಪೂರ್ತಿ ಅರಳಿದ ಹತ್ತಿ. ಹುಡುಗರು ಓಡಿಹೋಗಿ ಅವನ ಪಾದ ಮುಟ್ಟಿದರು. ಎರಡೂ ಕಡೆ ಹುಡುಗಿಯರು ನಿಂತು ಹೂವು ಎರಚಿದರು. ಹಲಗಿ ಬಾರಿಸುತ್ತ ಒಯ್ದು ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಕೂಡಿಸಿ ರುಮಾಲು ಸುತ್ತಿಯೇಬಿಟ್ಟರು. ಅವನು, “ನಾನಲ್ರೋ, ನಾನಲ್ಲ” ಎಂದದ್ದನ್ನು ದೊಡ್ಡವರ ವಿನಯ ಎಂದುಕೊಂಡರು. ಕೆಳಗೆ ಮೂರನೇ ಸಾಲಿನಲ್ಲಿ ಕುಳಿತ ಗುರುಗಳು ತಮ್ಮ ರುಮಾಲು ಶಿಷ್ಯನ ಬಿಳಿ ತಲೆಯನ್ನು ಏರುವುದನ್ನು ನೋಡಿದರು. ಚಪ್ಪಾಳೆಯನ್ನೂ ತಟ್ಟಬೇಕಾಯಿತು.

ಹೆಸರು ಕರೆದಾಗ ಎಲ್ಲ ಸರಿಹೋಯಿತೆನ್ನಿ. ಶಿಷ್ಯ ಅತ್ತೇಬಿಟ್ಟ, ಕಾಲಿಗೆ ಬಿದ್ದ. ರುಮಾಲು ಬಿಚ್ಚಿ ಕಾಕಾಗೆ ಸುತ್ತಿದರು. ಆದರೆ ಹೂವು ಮುಗಿದಿತ್ತು.

ಮರುದಿನ ಕಾಕಾ ಕಲಪ ಬಿಟ್ಟರು. ಬಿಡುವುದು ಹಚ್ಚುವುದಕ್ಕಿಂತ ಕಷ್ಟ ಎಂದು ಆಗ ಗೊತ್ತಾಯಿತು. ಕೂದಲು ತಿಂಗಳಿಗೆ ಬೆಳೆಯುವುದೇ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಎರಡು ತಿಂಗಳಿಗೆ ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪು, ನಡುವೆ ಬಿಸಿಲಿಗೆ ಬಣ್ಣ ಬಿಟ್ಟು ನಮ್ಮೂರ ಕರದಂಟಿನ ಕೆಂಪು. ಗೋಕಾಕ ಫಾಲ್ಸಿಗೂ ಬಣ್ಣ ಬದಲಾಗುತ್ತದೆ: ಮಳೆಗಾಲದ ಹೊಳೆ ತುಂಬಿ 52 ಮೀಟರ್ ಮೇಲಿಂದ ಬೀಳುವಾಗ ಕೆಂಪು ರಾಡಿ, ನೀರು ಇಳಿದ ಮೇಲೆ ಬಂಡೆಯ ಮೇಲೆ ಬೆಳ್ಳನೆಯ ನಾಲ್ಕು ಎಳೆ. ಎರಡನ್ನೂ ಒಂದೇ ದಿನ ತೋರಿಸುವ ಕಷ್ಟ ಅದಕ್ಕಿಲ್ಲ. ಕಾಕಾ ಟೊಪ್ಪಿಗೆ ಹಾಕತೊಡಗಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಕಾಲದಿಂದ ನಮ್ಮ ಜಿಲ್ಲೆಯಲ್ಲಿ ಗಾಂಧಿ ಟೊಪ್ಪಿಗೆಗೆ ದೊಡ್ಡ ಮರ್ಯಾದೆ. ಅದರ ಕೆಳಗೆ ಏನು ನಡೆದಿದೆ ಎಂದು ಯಾರೂ ಕೇಳುವುದಿಲ್ಲ. ಮೂರನೇ ತಿಂಗಳು ಕಟಿಂಗ್ ಅಂಗಡಿಯಲ್ಲಿ ಕುಳಿತು, “ಬಿಳೇದ ಅಷ್ಟ ಉಳಸು” ಎಂದು ಸಣ್ಣಗೆ ಹೊಡೆಸಿಕೊಂಡು ಬಂದರು.

ಸುಳ್ಳು ಹೇಳಬಾರದು, ಚೆನ್ನಾಗಿ ಕಂಡರು. ಮುಖಕ್ಕೊಂದು ಗೆಲುವು ಬಂದಿತ್ತು. ಕಾಕು ಮಾತಾಡಲಿಲ್ಲ, ಆದರೆ ಆ ದಿನ ಹೋಳಿಗೆ ಮಾಡಿದ್ದರು. (ನನಗೂ ಈಚೆಗೆ ಕಿವಿಯ ಬಳಿ ದಶರಥ ಪಿಸುಗುಟ್ಟುತ್ತಿದ್ದಾನೆ. ನಮ್ಮ ಮನೆಯ ಪೂಜೆಯ ವಿಷಯ ಇಲ್ಲಿ ಬೇಡ.)

ಒಂದು ವಿಷಯ ಮಾತ್ರ ನಾನು ತಡವಾಗಿ ಗಮನಿಸಿದೆ. ತಲೆ ಹಾಲಿನಂತೆ ಬೆಳ್ಳಗಾದರೂ ಮೀಸೆ ಕಾಡಿಗೆಯಂತೆ ಕಪ್ಪಗೇ ಇತ್ತು. ಕೇಳಿದೆ.

“ತಲಿ ಮಂದೀದು, ಮಂದಿ ಕೈ ಮುಗೀಲಿ ಅಂತ ಬಿಟ್ಟೀನಿ” ಅಂದರು ಕಾಕಾ. “ಮೀಸಿ ನಂದು.”

ಈಗ ಮೂರು ವಾರಕ್ಕೊಮ್ಮೆಯ ಪೂಜೆ ಹತ್ತೇ ನಿಮಿಷದ್ದು, ಹಳೆಯ ಟೂತ್ ಬ್ರಷ್ ಸಾಕು, ಒಂದು ಪುಡಿಕೆ ನಾಲ್ಕು ಸಲಕ್ಕೆ ಬರುತ್ತದೆ. ಬಸ್ಸಿನಲ್ಲಿ ರಿಯಾಯಿತಿಯೂ ಸಿಗುತ್ತಿದೆ, ಕಂಡಕ್ಟರ್ ಆಧಾರ್ ಕೇಳುವುದಿಲ್ಲ. ಗೋಕಾಕ–ಹುಕ್ಕೇರಿ ಬಸ್ಸಿನಲ್ಲಿ ಬಿಳಿ ತಲೆಯ ಹಿರಿಯರೊಬ್ಬರು ಕಂಡಕ್ಟರ್ ಹತ್ತಿರ ಬಂದ ಕೂಡಲೇ ಟವೆಲ್ಲಿನಿಂದ ಮೂಗು ಬಾಯಿ ಮುಚ್ಚಿಕೊಂಡರೆ ಧೂಳಿಗೆ ಅಂದುಕೊಂಡು ಕಿಟಕಿ ಹಾಕಲು ಹೋಗಬೇಡಿ. ಟಿಕೀಟು ಕೈಗೆ ಬರುವವರೆಗೆ ಅಷ್ಟೇ.