ರಿವ್ಯೂ ರಾಯರ ಟೆಂಟು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹತ್ತು ಕನ್ನಡ ಮನೆಗಳು ಸೇರಿ ಒಂದು ವಾಟ್ಸಾಪ್ ಗುಂಪು ಕಟ್ಟಿಕೊಂಡವೆಂದರೆ ಅದರಲ್ಲಿ ಮೂರು ಹುದ್ದೆಗಳು ತಾವಾಗಿಯೇ ಭರ್ತಿಯಾಗಿಬಿಡುತ್ತವೆ. ಯುಗಾದಿ ಊಟಕ್ಕೆ ಯಾರ ಮನೆಯಿಂದ ಪುಳಿಯೋಗರೆ, ಯಾರ ಮನೆಯಿಂದ ಕೋಸಂಬರಿ ಎಂದು ಪಟ್ಟಿ ಮಾಡುವವರು ಒಬ್ಬರು. ‘ಗಂಟಲು ಸರಿಯಿಲ್ಲ’ ಎನ್ನುತ್ತಲೇ ರಾಜ್ಯೋತ್ಸವದಲ್ಲಿ ನಾಲ್ಕು ಹಾಡು ಮುಗಿಸಿ ಐದನೆಯದಕ್ಕೆ ಶ್ರುತಿ ಹಿಡಿಯುವವರು ಇನ್ನೊಬ್ಬರು. ಮೂರನೆಯವರು ರಿವ್ಯೂ ಓದುವವರು. ಕಾರಿನ ಟೈರು, ಹಲ್ಲಿನ ಡಾಕ್ಟರು, ಇಡ್ಲಿ ರುಬ್ಬುವ ಯಂತ್ರ, ಊರಿಗೆ ಹೋಗುವ ವಿಮಾನದಲ್ಲಿ ಕಾಲು ಚಾಚಲು ಬರುವ ಸೀಟು, ಏನು ಬೇಕಾದರೂ ಇವರನ್ನು ಕೇಳಬಹುದು. ಕೇಳದಿದ್ದರೂ ಹೇಳುತ್ತಾರೆ.

ನಮ್ಮ ಗುಂಪಿನಲ್ಲಿ ಆ ಹುದ್ದೆ ರಾಯರದು. ಮಕ್ಕಳು ಕೂಡ ಅವರನ್ನು ಬೆನ್ನ ಹಿಂದೆ ‘ರಿವ್ಯೂ ರಾಯರು’ ಅನ್ನುತ್ತವೆ. ಅದು ಅವರಿಗೂ ಗೊತ್ತು, ಒಳಗೊಳಗೇ ಖುಷಿಯೂ ಇದೆ. ಊರು ಹಾಸನದ ಕಡೆ, ಕೆಲಸ ಸಾಫ್ಟ್‌ವೇರು, ಚಟ ಯಾವುದೂ ಇಲ್ಲ. ಕೊನೆಯದು ಅವರ ಅತ್ತೆಯ ನಂಬಿಕೆ ಮಾತ್ರ. ರಾತ್ರಿ ಹನ್ನೊಂದಾದ ಮೇಲೆ ಹೊದಿಕೆಯೊಳಗೆ ಫೋನು ಹಿಡಿದು ಅಪರಿಚಿತರ ಅನುಭವಗಳನ್ನು ಓದುವುದಕ್ಕೆ ಚಟ ಎಂದು ಹಾಸನದಲ್ಲಿ ಇನ್ನೂ ಯಾರೂ ಹೆಸರಿಟ್ಟಿಲ್ಲ. ಅವರ ಮನೆಯೊಳಗೆ ರಿವ್ಯೂ ಓದದೆ ಬಂದ ಸಾಮಾನೆಂದರೆ ಅವರ ತಂದೆ ಊರಿನಿಂದ ಹೊತ್ತು ತಂದ ಈಳಿಗೆಮಣೆ ಒಂದೇ. ಇವತ್ತಿನವರೆಗೆ ರಿಪೇರಿ ಕೇಳದಿರುವುದೂ ಅದೊಂದೇ.

ಹೊಸ ವರ್ಷದ ಹೊತ್ತಿಗೆ ರಾಯರ ಮಗಳು ‘ನಮ್ಮ ಕ್ಲಾಸಲ್ಲಿ ಎಲ್ರೂ ಕ್ಯಾಂಪಿಂಗ್ ಹೋಗಿದಾರೆ, ನಾವು ಮಾತ್ರ ಇಲ್ಲ’ ಎಂದಳು. ಅಲ್ಲಿಂದ ಶುರು. ಅಮೆರಿಕದವರ ಕಾರ್ ಕ್ಯಾಂಪಿಂಗ್ ಹೊರೆ ಹೊತ್ತು ಬೆಟ್ಟ ಹತ್ತುವ ಪೈಕಿಯದಲ್ಲ. ಕಾಡಿನೊಳಗೆ ನಂಬರು ಹಾಕಿದ ಜಾಗ ಇರುತ್ತದೆ, ಕಾರು ಅಲ್ಲಿಯವರೆಗೆ ಬರುತ್ತದೆ, ಪಕ್ಕದಲ್ಲೇ ಟೆಂಟು ಹಾಕಿ ಮಲಗುವುದು. ಕುಕ್ಕರೂ ಬರಬಹುದು, ದೋಸೆ ಕಾವಲಿಯೂ ಬರಬಹುದು. ಟೆಂಟಿನ ತೂಕ ಇಲ್ಲಿ ಲೆಕ್ಕಕ್ಕೇ ಇಲ್ಲ. ಇದು ಗೊತ್ತಿದ್ದೂ ರಾಯರ ಎಕ್ಸೆಲ್ ಹಾಳೆಯಲ್ಲಿ ತೂಕಕ್ಕೊಂದು ಕಾಲಂ ಬಿತ್ತು, ಗ್ರಾಮಿನವರೆಗೆ.

ಅವರ ಓದಿಗೆ ಒಂದು ಶಾಸ್ತ್ರವಿದೆ. ಐದು ಸ್ಟಾರ್ ಕೊಟ್ಟವರನ್ನು ಅವರು ನಂಬುವುದಿಲ್ಲ. ‘ಇನ್ನೂ ಡಬ್ಬ ತೆಗೆದಿಲ್ಲ, ಬಣ್ಣ ಚೆನ್ನಾಗಿದೆ’ ಎಂದು ಐದು ಸ್ಟಾರ್ ಒತ್ತುವವರ ಜಾತಿ ಅದು. ಒಂದು ಸ್ಟಾರಿನವರನ್ನೂ ನಂಬುವುದಿಲ್ಲ. ಅವರಲ್ಲಿ ಅರ್ಧ ಜನರ ಸಿಟ್ಟು ಡಬ್ಬ ಜಜ್ಜಿದ ಕೊರಿಯರ್ ಹುಡುಗನ ಮೇಲೆ, ಇನ್ನರ್ಧ ಜನರದು ಹೆಂಡತಿಯ ಮೇಲೆ ಎಂಬುದು ರಾಯರ ಸಂಶೋಧನೆ. ಅವರ ಭಕ್ತಿಯೆಲ್ಲ ಮೂರು ಸ್ಟಾರಿನವರ ಮೇಲೆ. ಮೂರು ಕೊಡುವವನು ಯೋಚಿಸಿರುತ್ತಾನೆ, ಉದ್ದಕ್ಕೆ ಬರೆದಿರುತ್ತಾನೆ, ‘ಆದರೆ’ ಎಂಬ ಮಾತನ್ನು ಮೇಲಿಂದ ಮೇಲೆ ಬಳಸಿರುತ್ತಾನೆ. 1936ರಿಂದಲೂ ಜಾಹೀರಾತು ತೆಗೆದುಕೊಳ್ಳದೆ, ಸಾಮಾನನ್ನು ತಾನೇ ದುಡ್ಡು ಕೊಟ್ಟು ತಂದು ಪರೀಕ್ಷಿಸುವ ಕನ್ಸ್ಯೂಮರ್ ರಿಪೋರ್ಟ್ಸ್‌ಗೂ ರಾಯರು ಚಂದಾದಾರರು. ಆದರೆ ಅದು ಅವರಿಗೆ ಸಪ್ಪೆ. ಅಲ್ಲಿ ತೀರ್ಪು ಇದೆ, ಜಗಳ ಇಲ್ಲ.

ಮೂರು ಸ್ಟಾರಿನವರಲ್ಲೂ ಅವರ ಆರಾಧ್ಯ ದೈವ ಓಹಾಯೊ ರಾಜ್ಯದ ಒಬ್ಬ ಗೃಹಸ್ಥ. ರಾಯರು ಅವನನ್ನು ಕಂಡಿಲ್ಲ, ಹೆಸರೂ ಪೂರ್ತಿ ಗೊತ್ತಿಲ್ಲ. ಅವನ ಎತ್ತರ ಆರಡಿ ಮೂರಂಗುಲ ಎಂಬುದು ಗೊತ್ತು, ಮಕ್ಕಳೆಷ್ಟು, ನಾಯಿ ಯಾವ ಜಾತಿಯದು, ಸೊಂಟದ ನೋವು ಯಾವ ಕಡೆ ಎಂಬುದೂ ಗೊತ್ತು. ‘ಓಹಾಯೊದವರು ಝಿಪ್ಪಿನ ಬಗ್ಗೆ ಬೇರೆ ಥರ ಹೇಳ್ತಾರೆ’ ಎಂದು ಅವರು ಊಟದ ನಡುವೆ ಅಂದರೆ, ಹೊಸಬರು ಯಾರೋ ಸೋದರಮಾವ ಇರಬೇಕು ಎಂದುಕೊಳ್ಳುತ್ತಾರೆ.

ಅವರ ಮನೆಯ ಬೇಲಿಯಾಚೆಗೇ ಒಂದು ಮೆಕ್ಸಿಕನ್ ಕುಟುಂಬವಿದೆ. ಪ್ರತಿ ಬೇಸಿಗೆಯಲ್ಲೂ ಮಕ್ಕಳು ಮರಿ ಕಟ್ಟಿಕೊಂಡು ಟೆಂಟು ಹೊತ್ತು ಹೋಗುವವರು. ‘ಅವರನ್ನ ಒಂದು ಮಾತು ಕೇಳಬಾರದೆ?’ ಎಂದೆ.

‘ಅವರದು ಒಂದೇ ಸ್ಯಾಂಪಲ್ಲು’ ಎಂದರು ರಾಯರು.

ಮಾರ್ಚಿ ಹೊತ್ತಿಗೆ ಅವರ ಮಾತಿನಲ್ಲಿ ಡೀನಿಯರ್ ಬಂತು. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ಹೆಚ್ಚಿದ್ದಷ್ಟೂ ನೂಲು ದಪ್ಪ. ಆಮೇಲೆ ಮಿಲಿಮೀಟರ್ ಬಂತು. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಎಷ್ಟು ಎತ್ತರಕ್ಕೆ ಹೋದಾಗ ಒಳಗೆ ಜಿನುಗುತ್ತದೆ ಎಂದು ಅಳೆಯುವ ಲೆಕ್ಕ ಅದು. 1500 ಎಂದರೆ ಒಂದೂವರೆ ಮೀಟರ್, 3000 ಎಂದರೆ ಮೂರು ಮೀಟರ್. ಒಂದು ಭಾನುವಾರ ಬಿಸಿಬೇಳೆಭಾತಿನ ಪಾತ್ರೆಯ ಮೇಲೆ ಸೌಟು ಎತ್ತಿ ಹಿಡಿದು ರಾಯರು ಇದನ್ನು ಎಲ್ಲರಿಗೂ ವಿವರಿಸಿದರು. ಆರು ತಿಂಗಳ ವೀಸಾದಲ್ಲಿ ಬಂದಿದ್ದ ಅವರ ತಂದೆ, ಕೆಇಬಿಯಲ್ಲಿ ಲೈನ್‌ಮನ್‌ಗಳ ಮೇಲೆ ಮೂವತ್ತು ವರ್ಷ ದರ್ಬಾರು ಮಾಡಿದವರು, ಕೊನೆಯವರೆಗೂ ಕೇಳಿ ಎಂದರು:

‘ಮೂರು ಮೀಟರ್ ನೀರು ನಿಂತರೆ ನಾವು ಟೆಂಟಲ್ಲಿ ಯಾಕಿರ್ತೀವೋ? ದೋಣೀಲಿರ್ತೀವಿ.’

ಹಪ್ಪಳ ಮುರಿದುಕೊಂಡು ಮತ್ತೆ ಕೇಳಿದರು: ‘ಈ ಊರಲ್ಲಿ ಬೇಸಿಗೆ ಪೂರ್ತಿ ಮಳೆಯೇ ಇಲ್ಲ ಅಂದಿದ್ದೆಯಲ್ಲ?’

‘ಬಂದರೆ?’ ಎಂದರು ರಾಯರು. ಈ ಒಂದು ‘ಬಂದರೆ’ಯ ಮೇಲೆ ಅವರ ಇಡೀ ಜೀವನ ನಿಂತಿದೆ. ಹಾಗೆ ನೋಡಿದರೆ ಅವರು ಹುಡುಕುತ್ತಿದ್ದದ್ದು ಟೆಂಟನ್ನಲ್ಲ ಎಂಬ ಗುಮಾನಿ ನನಗಿದೆ. ನಾಳೆ ಏನಾದರೂ ಎಡವಟ್ಟಾದರೆ ‘ನೀವೇ ಆರಿಸಿದ್ದು’ ಎಂದು ಮನೆಯಲ್ಲಿ ಅನ್ನಿಸಿಕೊಳ್ಳದೆ, ‘ನಾಲ್ಕು ಸಾವಿರ ಜನ ಆರಿಸಿದ್ದು’ ಎಂದು ಹೇಳಲು ಬೇಕಾದ ಪುರಾವೆಯನ್ನು ಅವರು ಕೂಡಿಹಾಕುತ್ತಿದ್ದರು.

ಹಿರಿಯರಿಗೆ ಮಗನ ಈ ವ್ಯಾಸಂಗ ಹೊಸದಾಗಿ ಕಾಣಲೇ ಇಲ್ಲ. ‘ನಿಮ್ಮಕ್ಕನ ಮದುವೆಗೆ ಮುಂಚೆ ನಾನೂ ಮಾಡಿದ್ದೆನಪ್ಪ ಇದನ್ನ’ ಎಂದರು. ‘ಅರಸೀಕೆರೆಗೆ ಹೋದೆ. ಹುಡುಗನ ಬೀದಿಯ ಕ್ಷೌರದಂಗಡೀಲಿ ಕೂತು, ಇಲ್ಲದ ಕೂದಲಿಗೆ ಕತ್ತರಿ ಹಾಕಿಸಿಕೊಂಡು ವಿಚಾರಿಸಿದೆ. ಒಳ್ಳೆ ಹುಡುಗ ಅಂದ. ಆಮೇಲೆ ಹಾಲಿನವನನ್ನ ಹಿಡಿದೆ. ಆ ಮನೇದು ಬಾಕಿ ಎಷ್ಟಿದೆ ಅಂದೆ. ಇಲ್ಲ ಅಂದ. ಮದುವೆ ಮಾಡಿದೆ.’

‘ಬರೀ ಇಬ್ಬರನ್ನ ಕೇಳಿದಿರಾ?’

‘ಸುಳ್ಳು ಹೇಳಿದ್ದರೆ ಇಬ್ಬರ ಅಂಗಡಿಯೂ ನನಗೆ ಗೊತ್ತಿತ್ತಲ್ಲ.’

ರಾಯರಿಗೆ ಇದು ನಾಟಿತೋ ಇಲ್ಲವೋ, ನನಗೆ ನಾಟಿತು. ಓಹಾಯೊದವನ ಅಂಗಡಿ ಎಲ್ಲಿದೆ? ಟೆಂಟು ಸೋರಿದ ಮಾರನೆಯ ಬೆಳಿಗ್ಗೆ ಯಾರ ಕೊರಳಪಟ್ಟಿ ಹಿಡಿಯುವುದು? ಹಾಲಿನವನ ಭಯ ಹೋದ ಜಾಗಕ್ಕೆ ಈಗ ಕಾನೂನನ್ನು ತಂದು ಕೂರಿಸುತ್ತಿದ್ದಾರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸುಳ್ಳು ರಿವ್ಯೂಗಳನ್ನು ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸಿದ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ನಮ್ಮ ಭಾರತೀಯ ಮಾನಕ ಬ್ಯೂರೋ ಅದಕ್ಕೂ ಮುಂಚೆ, 2022ರಲ್ಲೇ, ಆನ್‌ಲೈನ್ ರಿವ್ಯೂಗಳಿಗೆಂದು ಐಎಸ್ 19000 ಎಂಬ ಮಾನದಂಡ ತಂದಿತು. ಇವೆರಡನ್ನೂ ರಾಯರೇ ನನಗೆ ಹೇಳಿದ್ದು. ಹೇಳುವಾಗ ಅವರ ಮುಖದಲ್ಲಿ, ತನ್ನ ಕುಲದೇವರ ಗುಡಿಗೆ ಸರ್ಕಾರ ಕೊನೆಗೂ ಕಾಂಪೌಂಡು ಹಾಕಿಸಿತೆಂಬ ತೃಪ್ತಿ ಇತ್ತು. ವೀಡಿಯೊ ಮಾಡುವವರು ಕೊನೆಯಲ್ಲಿ ‘ಈ ಕೊಂಡಿ ಒತ್ತಿ ಕೊಂಡರೆ ನನಗೊಂದಿಷ್ಟು ಕಮಿಷನ್ ಬರುತ್ತೆ’ ಎನ್ನುತ್ತಾರಲ್ಲ, ಅದರ ಬಗ್ಗೆ ಕೇಳಿದೆ. ‘ಹೇಳಿಬಿಟ್ಟರಲ್ಲ! ಪ್ರಾಮಾಣಿಕರು’ ಎಂದರು.

ರಾಯರ ಹೆಂಡತಿ ಇಷ್ಟು ದಿನ ಒಂದು ಮಾತೂ ಆಡಿರಲಿಲ್ಲ. ಜೂನಿನ ಒಂದು ಶನಿವಾರ, ತರಕಾರಿಗೆ ಹೋದವರು ಪಕ್ಕದ ಅಂಗಡಿಯಲ್ಲಿ ಟೆಂಟುಗಳನ್ನು ನಿಲ್ಲಿಸಿದ್ದು ಕಂಡು ಒಳಗೆ ಹೊಕ್ಕರು. ಒಂದರೊಳಗೆ ಹೋಗಿ ನೆಟ್ಟಗೆ ನಿಂತು ಕೈ ಮೇಲೆತ್ತಿದರು, ಬಟ್ಟೆ ಬದಲಾಯಿಸಬಹುದೇ ಎಂದು. ಝಿಪ್ಪನ್ನು ಮೂರು ಸಲ ಎಳೆದರು. ನೆಲದ ಮೇಲೆ ಮಲಗಿ ಅತ್ತಿತ್ತ ಹೊರಳಿದರು. ಎದ್ದು ಬಂದು ‘ಇದು ಸಾಕು’ ಎಂದರು. ಅಷ್ಟು ಹೊತ್ತಿಗೆ ಕೊತ್ತಂಬರಿ ಸೊಪ್ಪು ಕೂಡ ಬಾಡಿರಲಿಲ್ಲ.

ರಾಯರು ಬಿಳಿಚಿಕೊಂಡರು. ಅದು ನೆಟ್ಟ ಗೋಡೆಯ ಕ್ಯಾಬಿನ್ ನಮೂನೆ. ಒಳಗೆ ನಿಲ್ಲಲು ಸುಖ, ಗಾಳಿ ಬಂದರೆ ಕಷ್ಟ. ಗುಮ್ಮಟದಂಥ ಡೋಮ್ ಗಾಳಿಗೆ ಜಗ್ಗದು, ಆದರೆ ಗೋಡೆ ಒಳಕ್ಕೆ ಬಾಗಿರುವುದರಿಂದ ನಡುವೆ ಬಿಟ್ಟು ಬೇರೆಲ್ಲೂ ತಲೆ ಎತ್ತುವ ಹಾಗಿಲ್ಲ. ಐದು ತಿಂಗಳಿಂದ ಅವರನ್ನು ಕಾಡಿದ ಧರ್ಮಸಂಕಟ ಇದು. ಇನ್ನೊಂದು, ಅಳತೆ. ಕಂಪನಿಗಳ ಲೆಕ್ಕದಲ್ಲಿ ಆರು ಜನರ ಟೆಂಟು ಎಂದರೆ ಆರು ಜನ ಭುಜಕ್ಕೆ ಭುಜ ತಾಗಿಸಿ, ಮಗ್ಗುಲು ಬದಲಿಸದೆ ಮಲಗುವುದು. ಮನುಷ್ಯರ ಲೆಕ್ಕದಲ್ಲಿ ಅದು ನಾಲ್ಕು ಜನರದು. ಹತ್ತಡಿಗೆ ಹತ್ತಡಿ ನೆಲದಲ್ಲಿ, ಐದಡಿ ಅಗಲದ ಎರಡು ಗಾಳಿ ಹಾಸಿಗೆ ಹಾಕಿದರೆ ಗೋಡೆಯಿಂದ ಗೋಡೆಗೆ ಸರಿಹೋಗುತ್ತದೆ, ಕಾಲಿನ ಕಡೆ ಮೂರಡಿ ಉಳಿಯುತ್ತದೆ. ಇದನ್ನು ರಾಯರು ಕಾಗದದ ಮೇಲೆ ಬರೆದಿಟ್ಟಿದ್ದರು, ಹೆಂಡತಿ ಹೊರಳಿ ಕಂಡುಕೊಂಡಿದ್ದರು. ಮನೆಗೆ ಬಂದು ಎಕ್ಸೆಲ್ ತೆಗೆದರೆ ಮೊದಲ ಸ್ಥಾನದಲ್ಲಿ ಇದ್ದದ್ದೂ ಅದೇ ಟೆಂಟು. ಅವರಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಸಂಜೆಯೆಲ್ಲ ಮುಖ ಸಣ್ಣದಾಗಿತ್ತು.

ಟೆಂಟು ಬಂತು. ಹಾಕಲು ಜಾಗ ಇರಲಿಲ್ಲ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಎಂಬ ಕ್ಯಾಂಪಿಂಗ್ ತಾಣದಲ್ಲಿ ಬೇಸಿಗೆಗೆ ಜಾಗ ಬೇಕೆಂದರೆ ಐದು ತಿಂಗಳು ಮುಂಚೆ, ತಿಂಗಳ 15ನೇ ತಾರೀಕು ಬೆಳಿಗ್ಗೆ ಸರಿಯಾಗಿ 7 ಗಂಟೆಗೆ ಬೆರಳು ತಯಾರಿಟ್ಟುಕೊಂಡು ಕೂರಬೇಕು. ತಿರುಪತಿಯ ಟಿಕೆಟ್ಟು ಬುಕ್ ಮಾಡಿದ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫೆಬ್ರವರಿಯಲ್ಲಿ ರಾಯರಿಗೆ ನೆನಪಿಸಿದಾಗ ‘ಟೆಂಟಿನ ಅಳತೆಯೇ ಗೊತ್ತಾಗದೆ ಜಾಗ ಹೇಗೆ ಬುಕ್ ಮಾಡಲಿ?’ ಎಂದಿದ್ದರು. ನಮ್ಮ ಮನೆಯ ಇಬ್ಬರ ಹೆಸರಲ್ಲಿ ಜುಲೈಗೆ ಒಂದು ಜಾಗ ಸಿಕ್ಕಿತ್ತು. ಒಂದು ಜಾಗದಲ್ಲಿ ಆರು ಜನಕ್ಕೆ ಅವಕಾಶ. ಅವರು ನಾಲ್ವರು, ನಾವಿಬ್ಬರು.

ಅಲ್ಲಿ ಕರಡಿಗಳಿವೆ. ವಾಸನೆ ಬರುವ ಯಾವುದನ್ನೂ ರಾತ್ರಿ ಟೆಂಟಿನಲ್ಲಾಗಲಿ ಕಾರಿನಲ್ಲಾಗಲಿ ಇಡುವಂತಿಲ್ಲ, ಪ್ರತಿ ಜಾಗಕ್ಕೂ ಕೊಟ್ಟಿರುವ ಕಬ್ಬಿಣದ ಪೆಟ್ಟಿಗೆಯಲ್ಲೇ ಇಟ್ಟು ಚಿಲಕ ಹಾಕಬೇಕು. ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು ಟೂತ್‌ಪೇಸ್ಟು, ಸೋಪು. ನಮ್ಮ ಹೆಂಗಸರು ಹುಳಿಪುಡಿ, ಇಂಗಿನ ಡಬ್ಬಿ, ಚಟ್ನಿಪುಡಿ, ಉಪ್ಪಿನಕಾಯಿ ಇಡುವಷ್ಟರಲ್ಲಿ ಪೆಟ್ಟಿಗೆ ಭರ್ತಿಯಾಯಿತು. ಕೊನೆಗೆ ಹಿರಿಯರ ಅಮೃತಾಂಜನಕ್ಕೆ ಜಾಗ ಸಾಲದೆ ಒಂದು ಸಣ್ಣ ವಾಗ್ವಾದವೇ ನಡೆಯಿತು. ‘ಅದನ್ನ ಮೂಸಿದ ಕರಡಿ ಈ ಕಡೆ ತಲೆ ಹಾಕಲ್ಲ, ಹೊರಗೇ ಇರಲಿ’ ಎಂಬುದು ಅವರ ವಾದ.

ಟೆಂಟು ನಿಂತಿತು, ಚೆನ್ನಾಗಿಯೇ ನಿಂತಿತು. ಮಳೆ ಬರಲಿಲ್ಲ. ಗಾಳಿಯೂ ಬೀಸಲಿಲ್ಲ. ರಾಯರು ಎರಡು ಸಲ ಹೊರಗೆ ಬಂದು ಆಕಾಶ ನೋಡಿದರು. ಹೆಂಡತಿಗೂ ಮಗಳಿಗೂ ಒಳ್ಳೆ ನಿದ್ದೆ. ಹಿರಿಯರ ಗೊರಕೆಗೆ ಎಷ್ಟು ಡೀನಿಯರೂ ಅಡ್ಡಬರಲಿಲ್ಲ, ಅದು ನಮಗೂ ತಲುಪಿತು.

ಬೆಳಿಗ್ಗೆ ರಾಯರ ಕೂಗಿಗೆ ಎಲ್ಲರೂ ಎದ್ದೆವು. ಟೆಂಟಿನ ಒಳಮೈಯಲ್ಲಿ ಸಾಲಾಗಿ ನೀರ ಹನಿಗಳು. ರಾತ್ರಿ ಚಳಿಗೆ ಹೆದರಿ ಎಲ್ಲ ಕಿಂಡಿಗಳನ್ನೂ ಅವರು ಭದ್ರವಾಗಿ ಮುಚ್ಚಿದ್ದರು. ನಾಲ್ಕು ಜನರ ಉಸಿರಿನ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ತಣ್ಣಗಿನ ಬಟ್ಟೆಗೆ ತಾಗಿ ಹನಿಗಟ್ಟಿತ್ತು. ಒಂದು ಸ್ಟಾರಿನವರು ‘ಮೊದಲ ದಿನವೇ ಸೋರಿತು’ ಎಂದು ಬೈದು ಬರೆಯುವುದು ಎಷ್ಟೋ ಸಲ ಈ ಆವಿಯನ್ನೇ. ರಾಯರಿಗೆ ಇದು ಚೆನ್ನಾಗಿ ಗೊತ್ತಿತ್ತು, ಓಹಾಯೊದವನು ಒಂದು ಪ್ಯಾರಾ ಬರೆದಿದ್ದಾನೆ. ಆದರೂ ಅನುಮಾನ. ಮಳೆ ಬಂದಿಲ್ಲ, ನಿಜ. ಇಬ್ಬನಿ? ಹೊಲಿಗೆ? ಸೂಜಿ ಚುಚ್ಚಿದ ತೂತು?

ಮನೆಗೆ ಬಂದ ಮುಂದಿನ ಶನಿವಾರ ನಾನು ಹೋಗುವಾಗ ಹಿತ್ತಲಿನಲ್ಲಿ ಟೆಂಟು ನಿಂತಿತ್ತು. ಕಿಂಡಿಗಳೆಲ್ಲ ಮುಚ್ಚಿದ್ದವು, ಪರೀಕ್ಷೆ ನಿಖರವಾಗಿರಬೇಕೆಂದು. ರಾಯರು ತೋಟದ ಪೈಪು ಹಿಡಿದು ಮೇಲಿಂದ ಒಂದೇ ಸಮನೆ ನೀರು ಸುರಿಸುತ್ತಿದ್ದರು. ಮಗಳು ಗಡಿಯಾರ ನೋಡುತ್ತಿದ್ದಳು. ಬೇಲಿಯಾಚೆಯ ಮೆಕ್ಸಿಕನ್ ಯಜಮಾನ ಕಾಫಿ ಹಿಡಿದು ನಿಂತಿದ್ದ. ಒಳಗಿನ ವರದಿ ಕೊಡುವ ಕೆಲಸ ಹಿರಿಯರಿಗೆ ಬಿದ್ದಿತ್ತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕೊಡೆ ಬಿಡಿಸಿಕೊಂಡು, ಊರಿನಿಂದ ಯಾರೋ ಸಾಮಾನು ಸುತ್ತಿ ತಂದಿದ್ದ ಹಳೆಯ ಪ್ರಜಾವಾಣಿ ಓದುತ್ತಿದ್ದರಂತೆ.

‘ಅಪ್ಪಾ, ಹನಿ ಬಿತ್ತಾ?’

‘ಬಿತ್ತು.’

‘ಹೊರಗಿಂದಲೋ ಒಳಗಿಂದಲೋ?’

‘ನನ್ನನ್ನ ಒಳಗೆ ಕೂಡಿಹಾಕಿ ಕೇಳ್ತೀಯಲ್ಲೋ. ಇಲ್ಲಿ ಸೆಖೆಗೆ ನಾನೇ ಸೋರ್ತಾ ಇದೀನಿ.’

ರಾಯರು ಪೈಪನ್ನು ಮಗಳ ಕೈಗೆ ಕೊಟ್ಟು ಅದನ್ನೂ ಬರೆದುಕೊಂಡರು. ಅಂಗಡಿಗೆ ವಾಪಸು ಕೊಡಲು ಇನ್ನೂ ಹನ್ನೊಂದು ತಿಂಗಳಿದೆಯಂತೆ. ಅಷ್ಟರೊಳಗೆ ಹೇಗಾದರೂ ಮಾಡಿ ಒಂದು ತೀರ್ಮಾನಕ್ಕೆ ಬರುತ್ತೇನೆ ಎಂದರು.