ನಿರುಮ್ಮಳ ನೌಕರ: ದರೋಜಿ ಸೀಮೆಯ ಒಂದು ಪ್ರಭೇದ

ಹೊಸಪೇಟೆ, ಸಂಡೂರು, ಕಂಪ್ಲಿಗಳ ನಡುವಿನ ಕುರುಚಲು ಗುಡ್ಡಗಳ ಸೀಮೆಯಲ್ಲಿ ಅಧ್ಯಯನಕ್ಕೆ ಯೋಗ್ಯವಾದ ಜೀವಿಗಳು ಎರಡು. ಒಂದು, 1994ರಲ್ಲಿ ಅಭಯಾರಣ್ಯದ ರಕ್ಷಣೆ ಪಡೆದ ದರೋಜಿಯ ಕರಡಿ. ಅದರ ಆಹಾರ, ವಿಹಾರ, ಸಂತಾನಗಳ ಬಗ್ಗೆ ಬಲ್ಲವರು ಸಾಕಷ್ಟು ಬರೆದಿದ್ದಾರೆ. ಇನ್ನೊಂದು, ಅದೇ ಸೀಮೆಯ ಊರುಗಳಿಂದ ಬೆಳಿಗ್ಗೆ ಬಸ್ಸು ಹಿಡಿದು ಹೊಸಪೇಟೆಯ ಕಚೇರಿಗಳಿಗೆ ಬಂದು, ಬಂದಾಗಿನ ತಾಜಾ ಮುಖದಲ್ಲಿಯೇ ಸಂಜೆ ಮನೆಗೆ ಮರಳುವ ಸರ್ಕಾರಿ ಗುಮಾಸ್ತ. ಈತನ ಬಗ್ಗೆ ಜನ ದೂರು ಬರೆದಿದ್ದಾರೆಯೇ ಹೊರತು ಅಧ್ಯಯನ ಬರೆದಿಲ್ಲ. ಉದ್ಯೋಗದಲ್ಲಿ ಒತ್ತಡವಿಲ್ಲದೆ ಸುಖವಾಗಿರುವುದು ಹೇಗೆಂದು ಕಲಿಸಲು ದೊಡ್ಡ ಊರುಗಳ ಕಂಪನಿಗಳು ತಜ್ಞರನ್ನು ಕರೆಸಿ ಹಣ ಸುರಿಯುತ್ತಿರುವ ಕಾಲದಲ್ಲಿ, ಆ ವಿದ್ಯೆಯನ್ನು ಯಾರಿಂದಲೂ ಕಲಿಯದೆ ಸಿದ್ಧಿಸಿಕೊಂಡಿರುವ ಈ ಪ್ರಭೇದವನ್ನು ಕಡೆಗಣಿಸಿರುವುದು ವಿದ್ವತ್ತಿಗೆ ಶೋಭೆ ತರುವಂಥದ್ದಲ್ಲ.

ನಿರುಮ್ಮಳ ನೌಕರನೆಂದರೆ ಸೋಮಾರಿಯಲ್ಲ, ಲಂಚಕೋರನೂ ಅಲ್ಲ. ಸೋಮಾರಿಗೆ ಸಿಕ್ಕಿಬೀಳುವ ಭಯವಿರುತ್ತದೆ, ಲಂಚಕೋರನಿಗೆ ಲೋಕಾಯುಕ್ತದ ಭಯವಿರುತ್ತದೆ, ಈತನಿಗಾದರೋ ಯಾವ ಭಯವೂ ಇಲ್ಲ. ಹೊರಲಕ್ಷಣ ನೋಡಿ ಜೀವಿಗಳನ್ನು ಗುಂಪಿಗೆ ಸೇರಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಕರಡಿಯೇ ಸಾಕ್ಷಿ: 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಅದರ ಉದ್ದುಗುರುಗಳನ್ನು ಕಂಡು, ಮರಕ್ಕೆ ಜೋತುಬಿದ್ದು ಬದುಕುವ ದಕ್ಷಿಣ ಅಮೆರಿಕದ ಮಂದಪ್ರಾಣಿಯ ಕುಲಕ್ಕೆ ಅದನ್ನು ಸೇರಿಸಿಬಿಟ್ಟಿದ್ದ. ಆ ಉಗುರು ಕಲ್ಲಿನಂತೆ ಗಟ್ಟಿಯಾದ ಗೆದ್ದಲು ಹುತ್ತವನ್ನು ಒಡೆಯುವ ಆಯುಧವೆಂದು ಗೊತ್ತಾಗಲು ಕಾಲ ಹಿಡಿಯಿತು. ಗುಮಾಸ್ತನ ವಿಷಯದಲ್ಲಿಯೂ ಇಂಥದೇ ತಪ್ಪು ನಡೆಯುತ್ತಿದೆ. ಕೆಲಸ ಮಾಡದಿರುವುದು ಈತನ ಲಕ್ಷಣವಲ್ಲ, ಕೆಲಸದಿಂದ ಕದಡದಿರುವುದು ಲಕ್ಷಣ.

ದಿನಚರಿಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಈತನ ಕುರ್ಚಿಯ ಬೆನ್ನಿಗೆ ವರ್ಷವಿಡೀ ಒಂದು ಸ್ವೆಟರ್ ತೂಗುತ್ತಿರುತ್ತದೆ. ಬೇಸಿಗೆಯಲ್ಲಿ ಡಾಂಬರು ಮೆತ್ತಗಾಗುವ ಹೊಸಪೇಟೆಯಲ್ಲಿ ಸ್ವೆಟರ್ ಏಕೆಂದು ಇದುವರೆಗೆ ಯಾವ ಮೇಲಧಿಕಾರಿಯೂ ಕೇಳಿಲ್ಲವೆಂಬುದು ಆಡಳಿತದ ಗಾಢ ರಹಸ್ಯಗಳಲ್ಲಿ ಒಂದು. ಬಂದವನು ಮೊದಲು ಮೇಜಿನ ಮೇಲಿನ ದೇವರ ಪಟಕ್ಕೆ ಕೈ ಮುಗಿದು, ಟಪಾಲಿನ, ಎಂದರೆ ಆ ದಿನ ಬಂದ ಪತ್ರಗಳ, ಕಂತೆಯನ್ನು ಬಿಚ್ಚದೆ ಅದರ ದಪ್ಪವನ್ನಷ್ಟೇ ಹೆಬ್ಬೆರಳಿನಿಂದ ಅಳೆದು, ಹನ್ನೊಂದು ಗಂಟೆಗೆ ಮಂಡಾಳೊಗ್ಗರಣಿಗೆ ಏಳುತ್ತಾನೆ. ಮಂಡಾಳೊಗ್ಗರಣಿಯೆಂದರೆ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಹುರಿಗಡಲೆ ಪುಡಿಯೊಂದಿಗೆ ಒಗ್ಗರಣೆ ಹಾಕಿದ್ದು. ಜೊತೆಗೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿ ಇಲ್ಲದಿದ್ದರೆ ಅದು ಬಳ್ಳಾರಿ ಸೀಮೆಯಲ್ಲಿ ಉಪಾಹಾರವೆನಿಸುವುದಿಲ್ಲ. ಏಕಕಾಲಕ್ಕೆ ಒಂದೇ ಕೆಲಸ ಮಾಡಬೇಕು, ಅದನ್ನು ತನ್ಮಯತೆಯಿಂದ ಮಾಡಬೇಕು ಎಂದು ಧ್ಯಾನದ ಗುರುಗಳು ಬೋಧಿಸುತ್ತಾರಷ್ಟೆ. ಮಿರ್ಚಿಯ ತೊಟ್ಟು ಹಿಡಿದು ಕೂತ ಈತನಲ್ಲಿ ಆ ತನ್ಮಯತೆ ಪೂರ್ಣರೂಪದಲ್ಲಿ ಕಾಣಸಿಗುತ್ತದೆ.

ಈ ನಿರುಮ್ಮಳತೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ತಿಳಿಯಬಾರದು. ಕೆಲಸದ ಸ್ಥಳದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಉಂಟಾಗುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ರೋಗವೆಂದಲ್ಲದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು, ತನ್ನ ವರ್ಗೀಕರಣದಲ್ಲಿ ಸೇರಿಸಿತು. ಅದಕ್ಕೂ ಬಹಳ ಮೊದಲು, 1967ರಲ್ಲಿ, ಲಂಡನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನವೆಂಬ ದೀರ್ಘ ಸಂಶೋಧನೆ ಆರಂಭವಾಗಿತ್ತು. ಹೃದಯಾಘಾತ ದೊಡ್ಡ ಸಾಹೇಬರ ಕಾಯಿಲೆಯೆಂಬ ನಂಬಿಕೆಗೆ ವಿರುದ್ಧವಾಗಿ, ಕೆಳದರ್ಜೆಯ ನೌಕರರೇ ಅದರಿಂದ ಹೆಚ್ಚು ಸಾಯುತ್ತಾರೆಂದು ಅದು ತೋರಿಸಿತು. 1985ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿ ಶುರುವಾದ ಎರಡನೆಯ ಅಧ್ಯಯನದಲ್ಲಿ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡುಕೊಂಡ ಕಾರಣಗಳಲ್ಲಿ ಮುಖ್ಯವಾದದ್ದು, ತಾನು ಮಾಡುವ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು. ಯಾವುದನ್ನು ಯಾವಾಗ ಹೇಗೆ ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯವಿಲ್ಲದ ನೌಕರನ ಹೃದಯ ಬೇಗ ಸೋಲುತ್ತದೆ. ಹೊಸಪೇಟೆಯ ನಿರುಮ್ಮಳ ನೌಕರ ಈ ಅಧ್ಯಯನವನ್ನು ಓದಿಲ್ಲ, ಆದರೆ ಅದರ ತಿರುಳನ್ನು ಆಚರಣೆಗೆ ತಂದಿದ್ದಾನೆ. ದ್ವಿತೀಯ ದರ್ಜೆ ಸಹಾಯಕನೆಂಬ ಹುದ್ದೆ ಯಾವ ಅಧಿಕಾರವನ್ನೂ ಕೊಡದಿದ್ದರೂ, ಯಾವ ಕಡತ ಯಾವ ಕಡತದ ಮೇಲಿರಬೇಕು ಎಂಬ ಒಂದು ಹಿಡಿತವನ್ನು ಕೊಟ್ಟಿದೆ. ಅಷ್ಟರಿಂದಲೇ ಈತನ ರಕ್ತದೊತ್ತಡ ಇಳಿದು, ಕಡತದ ಆಚೆ ತುದಿಯಲ್ಲಿರುವವರ ರಕ್ತದೊತ್ತಡ ಏರಿದೆ.

ಹೆಚ್ಚಿನ ಕೆಲಸ ಬಂದಾಗ ಈತನಿಗೆ ನೆರವಾಗುವುದು ಸ್ಥಳಮಹಾತ್ಮ್ಯ. ಹಂಪಿ ಆನೆಗೊಂದಿಗಳ ಪರಿಸರವೇ ಕಿಷ್ಕಿಂಧೆಯೆಂಬ ನಂಬಿಕೆ ಹಳೆಯದು, ಆ ಕಿಷ್ಕಿಂಧೆಯ ಹಿರಿಯ ಮಂತ್ರಿ ಜಾಂಬವಂತ ಕರಡಿಗಳ ಒಡೆಯ. ವಾಲ್ಮೀಕಿಯ ಕಿಷ್ಕಿಂಧಾಕಾಂಡದ ಕೊನೆಯಲ್ಲಿ ನೂರು ಯೋಜನ ಸಮುದ್ರವನ್ನು ದಾಟುವವರು ಯಾರೆಂಬ ಪ್ರಶ್ನೆ ಬಂದಾಗ ನಡೆಯುವ ಸಭೆ, ಕಚೇರಿಯ ಪರಿಶೀಲನಾ ಸಭೆಯನ್ನು ಬಲ್ಲವರಿಗೆ ಬಹಳ ಪರಿಚಿತವೆನಿಸುತ್ತದೆ. ಗಜ ಹತ್ತು ಯೋಜನ ಹಾರಬಲ್ಲೆನೆಂದ, ಗವಾಕ್ಷ ಇಪ್ಪತ್ತೆಂದ. ಹೀಗೆ ಒಬ್ಬೊಬ್ಬರೂ ಗುರಿಗಿಂತ ಕಡಿಮೆ ಅಂಕಿಯನ್ನೇ ಎಚ್ಚರದಿಂದ ಹೇಳುತ್ತ ಬಂದರು. ಜಾಂಬವಂತನ ಸರದಿ ಬಂದಾಗ ಆತ ತನ್ನ ಯೌವನದ ಪರಾಕ್ರಮವನ್ನು, ಎಂದರೆ ಸೇವಾ ಜ್ಯೇಷ್ಠತೆಯನ್ನು, ಮೊದಲು ದಾಖಲೆಗೆ ತಂದು, ಈಗ ವಯಸ್ಸಾಗಿರುವುದರಿಂದ ತೊಂಬತ್ತು ಯೋಜನ ಮಾತ್ರ ಸಾಧ್ಯವೆಂದು ತಿಳಿಸಿದ. ನೂರು ಹಾರಬಲ್ಲೆ, ಮರಳುವ ಬಗ್ಗೆ ಸಂಶಯವಿದೆ ಎಂದ ಅಂಗದನನ್ನು, ಒಡೆಯನಾದವನು ಹೋಗಬಾರದೆಂದು ತಡೆದ. ಕೊನೆಗೆ ಮಾತಿಲ್ಲದೆ ಒಂದು ಪಕ್ಕ ಕೂತಿದ್ದ ಹನುಮಂತನ ಬಳಿ ಹೋಗಿ, ಅವನ ಹುಟ್ಟು, ಬಲ, ಸಾಮರ್ಥ್ಯಗಳನ್ನು ಹೊಗಳಿ, ಅವನನ್ನೇ ಹಾರಿಸಿದ. ಭಕ್ತರು ಇದರಲ್ಲಿ ಹನುಮಂತನ ಮಹಿಮೆಯನ್ನು ಕಾಣುತ್ತಾರೆ. ನಿರುಮ್ಮಳ ನೌಕರ ಕಾಣುವುದು ಜಾಂಬವಂತನ ಮಹಿಮೆಯನ್ನು. ಪಕ್ಕದ ಮೇಜಿಗೆ ಹೊಸದಾಗಿ ಬಂದ, ಮೂಲೆಯಲ್ಲಿ ಮೌನವಾಗಿ ಕೂತ ಹುಡುಗನ ಬೆನ್ನು ತಟ್ಟಿ, “ನಿನ್ನಷ್ಟು ಕಂಪ್ಯೂಟರ್ ಬಲ್ಲೋರು ಈ ಆಫೀಸಿನಾಗ ಯಾರದಾರಪ್ಪಾ” ಎಂದು ಆರಂಭವಾಗುವ ಪ್ರಶಂಸೆ ಸಂಜೆಯೊಳಗೆ ಆ ಹುಡುಗನನ್ನು ಮೂರು ವರ್ಷದ ಬಾಕಿ ಲೆಕ್ಕದ ಸಮುದ್ರಕ್ಕೆ ಹಾರಿಸಿರುತ್ತದೆ.

ಹುಡುಗ ರಜೆಯಲ್ಲಿದ್ದರೆ ಶರಣಪರಂಪರೆಯ ಆಶ್ರಯವಿದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತರುವುದನ್ನು ಕಾಯಕವಾಗಿ, ಎಂದರೆ ಪೂಜೆಗೆ ಸಮನಾದ ದುಡಿಮೆಯಾಗಿ, ನಡೆಸಿದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಆಸೆಯೆಂದು ಕಂಡು, ಹೆಚ್ಚಿನದನ್ನು ಹಿಂದಕ್ಕೆ ಸುರಿದುಬರುವಂತೆ ಕಳಿಸಿದಳೆಂಬ ಕಥೆ ನಾಡಿಗೆಲ್ಲ ಗೊತ್ತು. ನಿರುಮ್ಮಳ ನೌಕರ ಈ ಪ್ರಸಂಗವನ್ನು ಬಸವ ಜಯಂತಿಯ ಭಾಷಣದಲ್ಲಿ ಗದ್ಗದಿತನಾಗಿ ಹೇಳುತ್ತಾನೆ, ಮರುದಿನ ತನ್ನ ಮೇಜಿಗೆ ಎಂದಿಗಿಂತ ಹೆಚ್ಚಾಗಿ ಬಂದ ಕಡತಗಳನ್ನು ಅದೇ ತತ್ವದ ಮೇಲೆ ಹಿಂದಕ್ಕೆ ಕಳಿಸುತ್ತಾನೆ. ಲಕ್ಕಮ್ಮ ಹಿಂತಿರುಗಿಸಿದ್ದು ಗಳಿಕೆಯನ್ನು, ದುಡಿಮೆಯನ್ನಲ್ಲ ಎಂಬ ಸೂಕ್ಷ್ಮವನ್ನು ಎತ್ತಿ ತೋರಿಸಿದವರಿಗೆ, ವ್ಯಾಖ್ಯಾನದಲ್ಲಿ ಪಾಠಾಂತರಗಳಿರುತ್ತವೆಂದು ಉತ್ತರ ಸಿಗುತ್ತದೆ.

2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾದದ್ದು ಈ ಪ್ರಭೇದದ ನೆಲೆಯನ್ನು ಇನ್ನಷ್ಟು ಸಮೃದ್ಧಗೊಳಿಸಿತು. ಹಂಪಿ ಹೊಸ ಜಿಲ್ಲೆಗೆ ಬಂತು; ಸಂಡೂರು, ಕಂಪ್ಲಿ ತಾಲ್ಲೂಕುಗಳು ಬಳ್ಳಾರಿಯಲ್ಲೇ ಉಳಿದವು; ಸಂಡೂರು ತಾಲ್ಲೂಕಿನ ದರೋಜಿಯವನಿಗೆ ಸಂತೆ, ಸಿನಿಮಾ, ಆಸ್ಪತ್ರೆಗೆ ಹೊಸಪೇಟೆ ಹತ್ತಿರವಾದರೂ ಕಾಗದದ ದೃಷ್ಟಿಯಲ್ಲಿ ಅವನು ಬಳ್ಳಾರಿಯವನಾದ. ಅಲ್ಲಿಯವರೆಗೆ ಅರ್ಜಿಗೆ ಎರಡೇ ಉತ್ತರಗಳಿದ್ದವು, ನಾಳೆ ಬಾ ಎಂಬುದು ಒಂದು, ಸಾಹೇಬರು ಇಲ್ಲ ಎಂಬುದು ಇನ್ನೊಂದು. ಈಗ “ಇದು ಬಳ್ಳಾರಿಗೆ ಸೇರಿದ್ದು” ಎಂಬ ಮೂರನೆಯದು ಸೇರಿ, ಅದರಲ್ಲಿ ಸುಳ್ಳಿನ ಲವಲೇಶವೂ ಇಲ್ಲದ ಕಾರಣ ಹೇಳುವವನ ಮುಖದಲ್ಲಿ ಅಪೂರ್ವ ಶಾಂತಿ ಮೂಡತೊಡಗಿತು.

ಒತ್ತಡ ನಾಶವಾಗುವುದಿಲ್ಲ, ಜಾಗ ಬದಲಿಸುತ್ತದಷ್ಟೆ ಎಂಬುದನ್ನು ಈ ಪ್ರಭೇದದ ಎದುರು ನಿಂತು ನೋಡಬೇಕು. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋದ ಮುದುಕಿಯೊಬ್ಬಳು ಕಟಾಂಜನ ಹಿಡಿದು, “ಯಪ್ಪಾ, ನನ್ ಪಗಾರ ಏನಾತು?” ಎಂದು ಕೇಳಿದರೆ, ಈತ ಗದರುವುದಿಲ್ಲ, ಮುಖ ತಿರುಗಿಸುವುದೂ ಇಲ್ಲ, ಕುಡಿಯಲು ನೀರು ಕೊಟ್ಟು, ಮೊಮ್ಮಕ್ಕಳ ಕುಶಲ ವಿಚಾರಿಸಿ, “ಬರ್ತೈತಿ ಬಿಡಬೇ ಯವ್ವಾ, ಎಲ್ಲಿಗೆ ಹೋಕ್ಕೈತಿ?” ಎಂದು ಸಮಾಧಾನ ಹೇಳುತ್ತಾನೆ. ಮುದುಕಿ ಹರಸಿಯೇ ಹೋಗುತ್ತಾಳೆ. ಅರ್ಧ ದಿನದ ಕೂಲಿ, ಬಸ್ಸಿನಲ್ಲಿ ನಿಂತು ಬಂದ ಮೊಣಕಾಲಿನ ನೋವು, ಅಂಗಡಿಯ ಸಾಲ ಇವೆಲ್ಲ ಹೋಗುವುದು ಆಕೆಯ ಜೊತೆಯಲ್ಲಿ. ಮೇಜಿನ ಈಚೆ ಬದಿಯಲ್ಲಿ ಯಾವುದೂ ಉಳಿಯುವುದಿಲ್ಲ. ನೆನಪಿನ ಮಾತಿಗೆ ಬಂದರೆ, ಅದೇ ದರೋಜಿಯಲ್ಲಿ ಬುರ್ರಕಥೆ, ಎಂದರೆ ಹಾಡುತ್ತ ಹೇಳುವ ಜನಪದ ಕಥೆ, ಹೇಳುತ್ತಿದ್ದ ಈರಮ್ಮ ಇದ್ದರು. ಬುಡಗ ಜಂಗಮ ಸಮುದಾಯದ, ಅಕ್ಷರ ಬಾರದ ಆ ಹೆಣ್ಣುಮಗಳು ಹನ್ನೆರಡು ದೀರ್ಘ ಕಾವ್ಯಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು, 2014ರಲ್ಲಿ ತೀರಿಕೊಳ್ಳುವವರೆಗೂ ನಾಡಿನ ಬೆರಗಾಗಿದ್ದರು. ಇತ್ತ, ಪದವೀಧರನಾದ ನಿರುಮ್ಮಳ ನೌಕರನಿಗೆ ಕಳೆದ ವಾರ ಬಂದ ನಾಲ್ಕು ಸಾಲಿನ ಅರ್ಜಿ ನೆನಪಿರುವುದಿಲ್ಲ. ಮರೆವು ಮನಸ್ಸಿನ ಆರೋಗ್ಯಕ್ಕೆ ಒಳ್ಳೆಯದೆಂಬುದು ಆತನ ಖಚಿತ ಅಭಿಪ್ರಾಯ.

ಕಚೇರಿ ಮುಗಿದ ಮೇಲೆ ಮೇಲಧಿಕಾರಿಯ ಸಂದೇಶಕ್ಕೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ ದೇಶ 2017ರಲ್ಲಿ ಕಾನೂನಿನ ಮೂಲಕ ಜಾರಿಗೆ ತರಬೇಕಾಯಿತು. ಇಲ್ಲಿ ಆ ಕಷ್ಟ ಬೇಕಾಗಿಲ್ಲ, ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂಬ ಮಾತೇ ಸಾಕು. ಬೇಸಿಗೆಯಂತೂ ಈ ಪ್ರಭೇದದ ಸುಗ್ಗಿ. ಬಿಸಿಲಿನ ಕಾರಣಕ್ಕೆ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನಿರುಮ್ಮಳ ನೌಕರ ಊರಿನ ಬಸ್ಸು ಹತ್ತುವ ಹೊತ್ತಿಗೆ, ಅತ್ತ ಅಭಯಾರಣ್ಯದಲ್ಲಿ ಅರಣ್ಯ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದು ಇಳಿಯುತ್ತಿರುತ್ತಾರೆ, ಕರಡಿಗಳು ಗವಿ ಬಿಟ್ಟು ಒಂದೊಂದಾಗಿ ಹಾಜರಾಗುತ್ತವೆ. ಹಾಗೆ ನೋಡಿದರೆ ಮಧ್ಯಾಹ್ನದ ಪಾಳಿಯಲ್ಲಿ ಈ ಸೀಮೆಯಲ್ಲಿ ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ಬರುವುದು ಕರಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರನ್ನು ಬಿಟ್ಟು ಈ ಮಾತು.

ಇಷ್ಟಾದರೂ ಈ ಪ್ರಭೇದವನ್ನು ಪೂರ್ತಿಯಾಗಿ ತಳ್ಳಿಹಾಕಲು ಸಂಶೋಧಕನಿಗೆ ಧೈರ್ಯ ಬರದಂತೆ ಮಾಡುವ ಒಂದು ಸಂಗತಿಯಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಒಟ್ಟು 33 ಗೇಟುಗಳ ಆ ಜಲಾಶಯದ ಭಾರವನ್ನು ಇಳಿಸಲು ನದಿಗೆ ಭಾರಿ ಪ್ರಮಾಣದ ನೀರು ಬಿಡಬೇಕಾಗಿ ಬಂದು, ಕೆಳಗಿನ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಇಂಥ ರಾತ್ರಿಗಳಲ್ಲಿ ಧಾವಂತದ ನೌಕರರು, ಎಂದರೆ ದಿನಕ್ಕೆ ಮೂರು ಸಲ ‘ಅರ್ಜೆಂಟ್’ ಎನ್ನುವವರು, ಒಂದೇ ಪಟ್ಟಿಯನ್ನು ಐದು ಕಡೆ ಹುಡುಕುತ್ತಾರೆ. ನಿರುಮ್ಮಳ ನೌಕರ ಲುಂಗಿಯಲ್ಲಿಯೇ ಬಂದು, ನದಿದಂಡೆಯ ಊರುಗಳ ಯಾದಿ ಯಾವ ಬೀರುವಿನ ಯಾವ ಅರೆಯಲ್ಲಿದೆಯೆಂದು ಕೂತಲ್ಲಿಂದಲೇ ಹೇಳಿ, ಎಷ್ಟು ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗುತ್ತದೆ, ಮೊದಲು ಯಾವ ಊರಿನ ಯಾರಿಗೆ ಫೋನು ಮಾಡಬೇಕು ಎಂಬುದನ್ನು ಬಾಯಿಪಾಠ ಒಪ್ಪಿಸುತ್ತಾನೆ. ಮಳೆ ಚೆನ್ನಾಗಿ ಆದ ವರ್ಷಗಳಲ್ಲೆಲ್ಲ ಆ ಸೇತುವೆ ಮುಳುಗಿದ್ದನ್ನು ನೋಡುತ್ತ ಬಂದವನಿಗೆ ಗಾಬರಿಪಡಲು ಹೊಸದೇನೂ ಇರುವುದಿಲ್ಲ. ಹರಿಯುವ ನೀರಿನಲ್ಲಿಯೇ ವಾರದೊಳಗೆ ತಾತ್ಕಾಲಿಕ ಗೇಟು ಕೂತಿತು. ಅದು ಕೂತ ಮರುದಿನ ಈತನ ಕುರ್ಚಿಯಲ್ಲಿ ಸ್ವೆಟರ್ ಮಾತ್ರ ಇತ್ತು.

ಇಂಥವನನ್ನು ಒತ್ತಡ ನಿರ್ವಹಣೆಯ ತರಬೇತಿಗೆ ಬಳ್ಳಾರಿಗೆ ಕಳಿಸಿದರೆ ಏನಾಗುತ್ತದೆಂಬುದು ಕಲ್ಪಿಸಲು ಕಷ್ಟವಲ್ಲ. ದೀರ್ಘವಾಗಿ ಉಸಿರಾಡಿ, ಕಣ್ಣು ಮುಚ್ಚಿ ಎಂದು ತರಬೇತುದಾರ ಹೇಳಿದ ಕೂಡಲೇ ಈತ ಆಜ್ಞಾಪಾಲನೆ ಮಾಡಿ, ಮಧ್ಯಾಹ್ನದ ಊಟದ ಗಂಟೆಗೆ ಕಣ್ಣು ತೆರೆದು, ಅಭಿಪ್ರಾಯ ಪತ್ರದಲ್ಲಿ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕುತ್ತಾನೆ. ತೊಡಕು ಉಂಟಾಗುವುದು ಆಮೇಲೆ, ಪ್ರಯಾಣ ಭತ್ಯೆಯ ಬಿಲ್ಲು ಸಲ್ಲಿಸಿದಾಗ. ಆ ಬಿಲ್ಲು ಹೋಗುವುದು ಲೆಕ್ಕ ವಿಭಾಗದ ಇನ್ನೊಬ್ಬ ನಿರುಮ್ಮಳ ನೌಕರನ ಮೇಜಿಗೆ. ಆತ ಅದರ ಮೇಲೆ ಆಕ್ಷೇಪಣೆ, ಎಂದರೆ ಹಣ ಕೊಡದಿರಲು ಬರೆಯುವ ಕಾರಣ, ದಾಖಲಿಸುತ್ತಾನೆ: ಪ್ರಯಾಣ ಹೊರಟದ್ದು ಕೇಂದ್ರಸ್ಥಾನವಾದ ಹೊಸಪೇಟೆಯಿಂದಲೋ, ಬಳ್ಳಾರಿ ಜಿಲ್ಲೆಯೊಳಗೇ ಇರುವ ಸ್ವಂತ ಊರಾದ ದರೋಜಿಯಿಂದಲೋ, ಸ್ಪಷ್ಟಪಡಿಸುವುದು. ಆಗ ಕಾಣುವ ದೃಶ್ಯಕ್ಕಾಗಿ ಕಚೇರಿಯವರೆಲ್ಲ ಕಾಯುತ್ತಾರೆ. ಇಡೀ ಸೇವಾವಧಿಯಲ್ಲಿ ಕಂಡಿರದ ವೇಗದಲ್ಲಿ ನಿರುಮ್ಮಳ ನೌಕರ ನಿಯಮಗಳನ್ನು ಉಲ್ಲೇಖಿಸಿ, ಎರಡೂ ಕಡೆಯ ಬಸ್ಸಿನ ಟಿಕೆಟ್ ಅಂಟಿಸಿ, ಮೂರು ಪ್ರತಿಗಳಲ್ಲಿ ಸಮಜಾಯಿಷಿ ಬರೆದು, ಊಟದ ವೇಳೆಯನ್ನೂ ಲೆಕ್ಕಿಸದೆ ತಾನೇ ಎದ್ದು ಹೋಗಿ ಕೊಟ್ಟುಬರುತ್ತಾನೆ. ಲೆಕ್ಕ ವಿಭಾಗದವನು ಅದನ್ನು ಸಾವಕಾಶವಾಗಿ ಓದಿ, ಅಕ್ಷರ ಮುತ್ತಿನಂತಿವೆಯೆಂದು ಮೆಚ್ಚಿ, ಇತರ ಕಡತಗಳ ಅಡಿಗೆ ಜೋಪಾನವಾಗಿ ಸೇರಿಸಿ, ಹನ್ನೊಂದರ ಮಿರ್ಚಿ ಮುಗಿದಿದ್ದರೂ ನಾಲ್ಕರದ್ದಕ್ಕೆ ಎಣ್ಣೆ ಕಾಯಿಸಿರುತ್ತಾರೆಂದು ಹೇಳಿ, ಈತನ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ಕರೆದೊಯ್ಯುತ್ತಾನೆ.